ಹಾಸ್ಟೆಲಿನಲ್ಲಿ ಫ್ಲೂ ಕಾಣಿಸಿಕೊಂಡಾಗ: ನಮ್ಮ ಆರೋಗ್ಯ ಕೊಠಡಿಯ ಕ್ರಮ

ಕ್ಯಾಂಪಸ್ಸಿನಲ್ಲಿ ಫ್ಲೂ ಹರಡದಂತೆ ನೋಡಿಕೊಳ್ಳಲು ಹೊರಟಾಗ ನಾವು ಮೊದಲು ಕೈಹಾಕಿದ್ದು ಹಾಜರಿ ನಿಯಮಕ್ಕೆ. ಜ್ವರವೆಂದು ಮಲಗಿದರೆ ಹಾಜರಿ ಕಡಿಮೆಯಾಗುತ್ತದೆ, ಇಂಟರ್ನಲ್ಸ್ ತಪ್ಪಿಹೋಗುತ್ತದೆ ಎಂಬ ಹೆದರಿಕೆ ಇರುವವರೆಗೂ ಮಕ್ಕಳು ಒಂದು ಪ್ಯಾರಾಸಿಟಮಾಲ್ ನುಂಗಿ ತರಗತಿಗೆ ಬಂದೇ ಬರುತ್ತಾರೆ. ಮಾತ್ರೆಗೆ ಜ್ವರ ಇಳಿಯುತ್ತದೆ, ಆದರೆ ಮೂಗು ಗಂಟಲಿನಿಂದ ವೈರಸ್ ಹೊರಬೀಳುವುದು ನಿಲ್ಲುವುದಿಲ್ಲ. ಅದಕ್ಕೇ ಫ್ಲೂ ಲಕ್ಷಣವಿದ್ದರೆ 5 ದಿನದವರೆಗೆ ವೈದ್ಯರ ಪ್ರಮಾಣಪತ್ರ ಕೇಳುವುದಿಲ್ಲ. ವಾರ್ಡನ್‌ಗೆ ಒಂದು ಮೆಸೇಜ್ ಬಂದರೆ ಸಾಕು, ಹಾಜರಿ ಕಡಿತವಿಲ್ಲ, ತಪ್ಪಿದ ಪರೀಕ್ಷೆಗೆ ಇನ್ನೊಂದು ದಿನ ಸಿಗುತ್ತದೆ. ಪ್ರಮಾಣಪತ್ರ ಕಡ್ಡಾಯ ಮಾಡಿದರೆ ಮಲಗಬೇಕಾದವರು ಒಂದು ಚೀಟಿಗಾಗಿ ಕ್ಲಿನಿಕ್ಕಿನ ಸಾಲಿನಲ್ಲಿ ಕೆಮ್ಮುತ್ತಾ ಕೂರುತ್ತಾರೆ. ಸುಳ್ಳು ಹೇಳಿ ರಜೆ ಪಡೆಯುವವರು ಇರುತ್ತಾರೆ, ನಿಜ. ಇಡೀ ಮಹಡಿಯೇ ಮಲಗುವುದರ ಮುಂದೆ ಆ ನಷ್ಟ ತೀರಾ ಚಿಕ್ಕದು.

ಇಷ್ಟು ಆತುರ ಯಾಕೆಂದರೆ ಸೋಂಕು ತಗುಲಿ 1ರಿಂದ 4 ದಿನದೊಳಗೆ, ಸಾಮಾನ್ಯವಾಗಿ 2ನೇ ದಿನಕ್ಕೇ, ಲಕ್ಷಣ ಕಾಣಿಸುತ್ತದೆ. ಹರಡುವುದು ಅದಕ್ಕೂ ಒಂದು ದಿನ ಮುಂಚೆ ಶುರುವಾಗಿ, ಕಾಯಿಲೆ ಬಿದ್ದ ಮೇಲೆ 5ರಿಂದ 7 ದಿನ ಮುಂದುವರಿಯುತ್ತದೆ. ಮೊದಲ ಮೂರ್ನಾಲ್ಕು ದಿನವೇ ಅತಿ ಜೋರು. ಆದ್ದರಿಂದ ರೂಮ್‌ಮೇಟ್‌ಗೆ ಆಗಲೇ ತಗುಲಿರಬಹುದು ಎಂದುಕೊಂಡೇ ಕೆಲಸ ಶುರುಮಾಡಬೇಕು. ಅವರನ್ನು ಇನ್ನೊಂದು ಕೋಣೆಗೆ ಸಾಗಿಸುವುದು ದೊಡ್ಡ ತಪ್ಪು, ಸೋಂಕನ್ನು ನಾವೇ ಹೊತ್ತೊಯ್ದು ಕೊಟ್ಟಂತಾಗುತ್ತದೆ. ಕಾಯಿಲೆ ಬಿದ್ದವರನ್ನು ಪ್ರತ್ಯೇಕ ಕೋಣೆಗೆ ಕರೆತರುತ್ತೇವೆ. ರೂಮ್‌ಮೇಟ್ ತಮ್ಮ ಕೋಣೆಯಲ್ಲೇ ಇದ್ದು, ಮುಂದಿನ 4 ದಿನ ಮಾಸ್ಕ್ ಹಾಕಿಕೊಂಡು ಓಡಾಡುತ್ತಾರೆ, ಬೆಳಿಗ್ಗೆ ಸಂಜೆ ಜ್ವರ ನೋಡಿಕೊಳ್ಳುತ್ತಾರೆ.

ಪ್ರತ್ಯೇಕ ಕೋಣೆಗೆ ಎರಡು ಕಡೆ ಕಿಟಕಿ ಇದ್ದರೆ ಒಳ್ಳೆಯದು. ಒಂದೇ ಕಿಟಕಿಯಾದರೆ ಅದಕ್ಕೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಗಾಳಿ ಬಾಗಿಲ ಸಂದಿಯಿಂದ ಒಳಬಂದು ಕಿಟಕಿಯಿಂದ ಹೊರಹೋಗುವಂತೆ ಮಾಡುತ್ತೇವೆ. ಫ್ಯಾನನ್ನು ಕಾರಿಡಾರಿನ ಕಡೆಗೆ ಮುಖಮಾಡಿ ಇಟ್ಟರೆ ಕೋಣೆಯ ಗಾಳಿಯೆಲ್ಲ ಪಕ್ಕದ ಕೋಣೆಗಳಿಗೆ ನುಗ್ಗುತ್ತದೆ. ಮಂಚಗಳ ನಡುವೆ ಕನಿಷ್ಠ 1 ಮೀಟರ್ ಅಂತರವಿರಬೇಕು, ಒಬ್ಬರ ತಲೆಯ ಕಡೆಗೆ ಪಕ್ಕದವರ ಕಾಲು ಬರಬೇಕು. ಹಾಸಿಗೆಗಳು ತುಂಬಿಹೋದರೆ ಫ್ಲೂ ಇರುವವರನ್ನೇ ಒಂದೇ ಕೋಣೆಯಲ್ಲಿ ಸೇರಿಸಬಹುದು. ಆದರೆ ಬರೀ ಗಂಟಲು ನೋವು ಎಂದು ಬಂದವರನ್ನು ಅವರ ಜೊತೆ ಹಾಕಬಾರದು. ಊಟ ಕೋಣೆಯ ಬಾಗಿಲಿಗೇ ಹೋಗಬೇಕು. ಮೆಸ್ಸಿನಿಂದ ಊಟ ತಂದುಕೊಡಲು ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಸೆಮಿಸ್ಟರ್ ಶುರುವಿನಲ್ಲೇ ಗೊತ್ತುಮಾಡಿಡುತ್ತೇವೆ. ಹಸಿವಾದರೆ ಜ್ವರದವರೂ ಮೆಸ್ಸಿಗೆ ಇಳಿದು ಬರುತ್ತಾರೆ, ಅಲ್ಲಿಗೆ ನಮ್ಮ ಶ್ರಮವೆಲ್ಲ ಮುಗಿಯಿತು.

ದಾಖಲಾದವರ ಮಂಚದ ಬಳಿ ಒಂದು ಹಾಳೆ ನೇತಾಡುತ್ತದೆ. ದಿನಕ್ಕೆ ನಾಲ್ಕು ಸಲ ಅದರಲ್ಲಿ ಐದು ವಿಷಯ ಬರೆಯುತ್ತೇವೆ: ಜ್ವರ, ನಾಡಿ, ನಿಮಿಷಕ್ಕೆ ಉಸಿರು, ಆಮ್ಲಜನಕದ ಮಟ್ಟ, ಮೂತ್ರ ಹೋಯಿತೇ ಇಲ್ಲವೇ. ಹಣೆಗೆ ಹಿಡಿಯುವ ಥರ್ಮಾಮೀಟರನ್ನು ನಾವು ನೆಚ್ಚುವುದಿಲ್ಲ. ಬಿಸಿಲಿನಿಂದ ಬಂದವರಿಗೆ ಅದು ಹೆಚ್ಚು ತೋರಿಸುತ್ತದೆ, ಹಣೆ ಬೆವರಿದ್ದರೆ ಕಡಿಮೆ. ಡಿಜಿಟಲ್ ಥರ್ಮಾಮೀಟರನ್ನು ಒಣಗಿದ ಕಂಕುಳಲ್ಲಿ ಇಟ್ಟು ಬೀಪ್ ಆಗುವವರೆಗೆ ಕಾಯುತ್ತೇವೆ. ಪಲ್ಸ್ ಆಕ್ಸಿಮೀಟರ್ ಹಾಕುವ ಮೊದಲು ಉಗುರು ಬಣ್ಣ ಒರೆಸಬೇಕು. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು. ಅಂಕಿ ಕುಣಿಯುವುದು ನಿಂತ ಮೇಲಷ್ಟೇ ಬರೆದುಕೊಳ್ಳಬೇಕು. ಉಸಿರನ್ನು ಅವರಿಗೆ ಹೇಳದೆ, ನಾಡಿ ಹಿಡಿದಂತೆಯೇ ಕೈ ಇಟ್ಟುಕೊಂಡು, ಪೂರ್ತಿ ಒಂದು ನಿಮಿಷ ಎಣಿಸುತ್ತೇವೆ. ಹೇಳಿದರೆ ಉಸಿರಾಟದ ಲಯವೇ ಬದಲಾಗಿಬಿಡುತ್ತದೆ.

ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ, ಉಸಿರು 25 ಮುಟ್ಟಿದರೆ, ಎದೆನೋವು ಬಂದರೆ, ಮಾತು ಗೊಂದಲವಾದರೆ, ನಿಲ್ಲಲಾಗದಷ್ಟು ಸುಸ್ತಾದರೆ, 8 ಗಂಟೆ ಮೂತ್ರ ಹೋಗದಿದ್ದರೆ ಕಾಯದೆ ಆಸ್ಪತ್ರೆಗೆ ಕಳಿಸುತ್ತೇವೆ. ರಾತ್ರಿ ಯಾರು ವಾಹನ ಓಡಿಸುತ್ತಾರೆ, ಜೊತೆಗೆ ಯಾರು ಹೋಗುತ್ತಾರೆ ಎಂಬುದನ್ನು ಸಂಜೆಯೇ ಹಾಳೆಯ ಮೇಲೆ ಬರೆದಿಡುತ್ತೇವೆ. ಇನ್ನೊಂದು ಲಕ್ಷಣ ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಎರಡು ಮೂರು ದಿನ ಜ್ವರ ಬಂದು, ಇಳಿದು, ಗುಣವಾಯಿತು ಎನ್ನುವಷ್ಟರಲ್ಲಿ ಮತ್ತೆ ಜ್ವರ ಏರಿ ಕೆಮ್ಮು ಜೋರಾದರೆ ಅದು ಫ್ಲೂ ಬೆನ್ನಿಗೆ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಇರಬಹುದು. ಎಳೆಯರಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ಪೋಷಕರೂ ಹೇಳುತ್ತಾರೆ, ಮಕ್ಕಳೂ ಹೇಳುತ್ತಾರೆ. 2009ರ ಎಚ್1ಎನ್1 ಸಾಂಕ್ರಾಮಿಕದಲ್ಲಿ ಹೆಚ್ಚು ಪೆಟ್ಟು ತಿಂದವರು ಮಕ್ಕಳು ಮತ್ತು ಯುವಜನರೇ.

ಮಾತ್ರೆಯ ವಿಷಯದಲ್ಲಿ ನಾವು ಕಟ್ಟುನಿಟ್ಟು. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಂದು ಅಥವಾ ಎರಡು, 6 ಗಂಟೆಗೊಮ್ಮೆ, ದಿನಕ್ಕೆ ಒಟ್ಟು 3 ಗ್ರಾಂ ಮೀರದಂತೆ. ವಯಸ್ಕರ ಗರಿಷ್ಠ ಮಿತಿ 4 ಗ್ರಾಂ. ಊಟ ಸರಿಯಾಗಿ ಸೇರದವರಿಗೆ ಅಷ್ಟು ದೂರ ಹೋಗುವುದು ಬೇಡ ಎನ್ನುವುದು ನಮ್ಮ ನಿಲುವು. ಅಪಾಯವಿರುವುದು ನೆಗಡಿಯ ಸಂಯುಕ್ತ ಮಾತ್ರೆಗಳಲ್ಲಿ. ಬಹಳಷ್ಟು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೆ ಒಂದು, ನೆಗಡಿಗೆ ಇನ್ನೊಂದು ಎಂದು ನುಂಗಿದರೆ ಗೊತ್ತಿಲ್ಲದೆ ಎರಡುಪಟ್ಟು ಹೋಗಿ ಯಕೃತ್ತಿಗೆ ಹಾನಿಯಾಗುತ್ತದೆ. ಹಾಗಾಗಿ ಬಂದ ಕೂಡಲೇ ಜೇಬಿನಲ್ಲಿರುವ ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ಹಿಂಬದಿ ಓದಿ, ಕೊನೆಯ ಮಾತ್ರೆ ನುಂಗಿದ ಗಂಟೆ ಬರೆದುಕೊಳ್ಳುತ್ತೇವೆ. 19 ತುಂಬದವರಿಗೆ ಆಸ್ಪಿರಿನ್ ಇಲ್ಲವೇ ಇಲ್ಲ. ಫ್ಲೂ ಇರುವಾಗ ಅದು ಮೆದುಳಿಗೂ ಯಕೃತ್ತಿಗೂ ಪೆಟ್ಟು ಕೊಡುವ ರೇ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ತರಬಹುದು. ಡೆಂಗಿ ಇರುವ ಕಾಲವಾದರೆ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್ ಕೂಡ ಬೇಡ, ಡೆಂಗಿಯಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಆಂಟಿಬಯೋಟಿಕ್ ವೈರಸ್‌ಗೆ ನಾಟುವುದಿಲ್ಲ.

ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಬಂದರೆ ಮೊದಲ ದಿನವೇ ವೈದ್ಯರಿಗೆ ತೋರಿಸುತ್ತೇವೆ. ಫ್ಲೂ ವೈರಸ್‌ಗೆ ಕೊಡುವ ಒಸೆಲ್ಟಾಮಿವಿರ್ ಎಂಬ ಔಷಧವನ್ನು ಲಕ್ಷಣ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ ದಿನಕ್ಕೆರಡು ಸಲ, 5 ದಿನ, ವೈದ್ಯರು ಬರೆದುಕೊಟ್ಟರೆ ಮಾತ್ರ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುತ್ತದೆ, ಆದ್ದರಿಂದ ಊಟದ ಜೊತೆಗೇ. ಇಂಥವರ ಪಟ್ಟಿಯನ್ನು ಪ್ರವೇಶದ ಸಮಯದಲ್ಲೇ ಗೋಪ್ಯವಾಗಿ ಮಾಡಿಡದಿದ್ದರೆ ಆ 48 ಗಂಟೆ ವಿಚಾರಣೆಯಲ್ಲೇ ಕಳೆದುಹೋಗುತ್ತದೆ.

ಲಸಿಕೆ ಶಿಬಿರವನ್ನು ಫ್ಲೂ ಕಾಲಕ್ಕಿಂತ ಸಾಕಷ್ಟು ಮೊದಲೇ ಇಟ್ಟುಕೊಳ್ಳುತ್ತೇವೆ, ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ಹಳೆಯ ವರ್ಷದ ಲಸಿಕೆ ನಡೆಯುವುದಿಲ್ಲ. ವೈರಸ್ ಬದಲಾಗುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ, ಉತ್ತರ ಗೋಳಾರ್ಧಕ್ಕೊಮ್ಮೆ ದಕ್ಷಿಣಕ್ಕೊಮ್ಮೆ, ಅದರ ಸಂಯೋಜನೆಯನ್ನು ಶಿಫಾರಸು ಮಾಡುತ್ತದೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಐಸ್ ಪ್ಯಾಕ್‌ಗೆ ಬಾಟಲಿ ನೇರವಾಗಿ ತಾಗಿ ಹೆಪ್ಪುಗಟ್ಟುವುದು ಶಿಬಿರಗಳಲ್ಲಿ ಆಗಬಹುದಾದ ಎಡವಟ್ಟು. ಚುಚ್ಚಿದ ಮೇಲೆ 15 ನಿಮಿಷ ಕೂರಿಸುತ್ತೇವೆ, ಈ ವಯಸ್ಸಿನವರು ಸೂಜಿ ಕಂಡೇ ತಲೆಸುತ್ತಿ ಬೀಳುವುದುಂಟು. ಮೆಸ್ ಕೆಲಸದವರನ್ನೂ ಕಾವಲುಗಾರರನ್ನೂ ಬಿಡಬಾರದು. ಇಡೀ ಕ್ಯಾಂಪಸ್ಸಿನ ಜೊತೆ ದಿನವೂ ಒಡನಾಡುವವರು ಅವರೇ.

ಸ್ವಚ್ಛತೆಯಲ್ಲಿ ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು, ಕಂಪ್ಯೂಟರ್ ಲ್ಯಾಬಿನ ಕೀಬೋರ್ಡುಗಳು ಮುಖ್ಯ. ಕೀಬೋರ್ಡುಗಳನ್ನು ಆಲ್ಕೋಹಾಲ್ ಹಾಕಿ ಒರೆಸುತ್ತೇವೆ. ಉಳಿದವನ್ನು ಮೊದಲು ಸೋಪುನೀರಿನಲ್ಲಿ ಒರೆಸಿ, ಬಳಿಕ 5 ಶೇಕಡದ ಸೋಡಿಯಂ ಹೈಪೊಕ್ಲೋರೈಟ್ 20 ಮಿಲಿ, ನೀರು 980 ಮಿಲಿ ಬೆರೆಸಿದ ದ್ರಾವಣ ಹಚ್ಚುತ್ತೇವೆ. ಕೊಳೆಯ ಮೇಲೆಯೇ ಹಚ್ಚಿದರೆ ಕ್ಲೋರಿನ್ ಅಲ್ಲೇ ಖರ್ಚಾಗಿಹೋಗುತ್ತದೆ. ದಿನಾ ಹೊಸದಾಗಿ ಕಲಸಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಸೇರಿಸಬಾರದು, ವಿಷಗಾಳಿ ಏಳುತ್ತದೆ.

ಜ್ವರದ ಮಾತ್ರೆ ನುಂಗದೆ 24 ಗಂಟೆ ಜ್ವರವಿಲ್ಲದಿದ್ದರೆ, ಒಟ್ಟಾರೆ ಚೇತರಿಸಿಕೊಂಡಿದ್ದರೆ, ಬಿಡುಗಡೆ. ಆಮೇಲೆ 5 ದಿನ ತರಗತಿ, ಲೈಬ್ರರಿಯಲ್ಲಿ ಮಾಸ್ಕ್ ಇರಲಿ. ಒಣಕೆಮ್ಮು ಎರಡು ವಾರ ಉಳಿಯಬಹುದು, ಅದೊಂದಕ್ಕೇ ಯಾರನ್ನೂ ತರಗತಿಯಿಂದ ಹೊರಗಿಡಬಾರದು ಎಂದು ಅಧ್ಯಾಪಕರಿಗೆ ಮೊದಲೇ ತಿಳಿಸಿಡುತ್ತೇವೆ. ಕ್ರೀಡಾಪಟುಗಳು ಮೊದಲು ನಡಿಗೆ, ಆಮೇಲೆ ನಿಧಾನದ ಓಟ ಎಂದು ಹಂತಹಂತವಾಗಿ ಮೈದಾನಕ್ಕೆ ಮರಳಬೇಕು. ಎದೆ ಬಿಗಿದರೆ ಅಥವಾ ಎದೆ ಡವಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಫ್ಲೂ ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ.