ಹಳೇ ಗೇಮ್, ಹೊಸ ಲ್ಯಾಪ್‌ಟಾಪ್: ಪೋರ್ಟ್ ಮಾಡುವುದು ಹೇಗೆ?

ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ಡೂಮ್. ವಿಂಡೋಸ್ ಮನೆಮಾತಾಗುವ ಮುಂಚಿನ ಡಾಸ್ (ಆಗಿನ ಆಪರೇಟಿಂಗ್ ಸಿಸ್ಟಂ) ಕಾಲದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಈ ಹೆಸರುಗಳ ಪರಿಚಯ ಮಾಡಿಕೊಡಬೇಕಿಲ್ಲ. ಆದರೆ ಆ ಹಳೇ ಫೈಲನ್ನು ಇವತ್ತಿನ ಲ್ಯಾಪ್‌ಟಾಪ್‌ಗೆ ಹಾಕಿ ಡಬಲ್ ಕ್ಲಿಕ್ ಮಾಡಿದರೆ ಆಟ ಶುರುವಾಗುವುದಿಲ್ಲ. ಅವು ಡಾಸ್‌ಗಾಗಿ ಬರೆದ ಪ್ರೋಗ್ರಾಂಗಳು. ಅವುಗಳಲ್ಲಿ ಹೆಚ್ಚಿನವು 16 ಬಿಟ್‌ನವು, ಈಗಿನ 64 ಬಿಟ್ ವಿಂಡೋಸ್ ಅವನ್ನು ಓಡಿಸುವುದೇ ಇಲ್ಲ.

ಇಂಥ ಆಟವನ್ನು ಹೊಸ ಕಂಪ್ಯೂಟರಿಗೆ ಒಗ್ಗಿಸುವುದಕ್ಕೆ ಪೋರ್ಟ್ ಮಾಡುವುದು ಅನ್ನುತ್ತಾರೆ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಗೊತ್ತಿದ್ದು ತಾಳ್ಮೆ ಜಾಸ್ತಿ ಇದ್ದರೆ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಕೊಡಗಿನ ಮಳೆಗಾಲ ಇದಕ್ಕೆ ಒಳ್ಳೆ ಸಮಯ. ಒಂದು ಮಾತು ಮಾತ್ರ ಶುರುವಿನಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರಿನಲ್ಲಿ ಆಟ ಓಡಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಆ ಆಟವನ್ನು ಚಿಕ್ಕಂದಿನಲ್ಲಿ ಆಡಿದವರು ಮತ್ತೆ ಆಡಿ, "ಹೌದು, ಇದು ಅದೇ" ಅನ್ನಬೇಕು. ಮುಂದೆ ಬರುವ ಹಂತಗಳೆಲ್ಲ ಅದಕ್ಕಾಗಿಯೇ.

ಮೊದಲು ದಾರಿ ಆರಿಸಿಕೊಳ್ಳಿ

ಸುಮ್ನೆ ಒಂದು ಸಂಜೆ ಆಡಿ ಖುಷಿಪಡಬೇಕು ಅಂತಿದ್ದರೆ ಪೋರ್ಟ್ ಬೇಕಾಗಿಯೇ ಇಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ 2002ರಿಂದಲೂ ಇದೆ. ಅದು ಹಳೇ ಕಂಪ್ಯೂಟರನ್ನೇ ನಿಮ್ಮ ಕಂಪ್ಯೂಟರಿನೊಳಗೆ ಅನುಕರಿಸುತ್ತದೆ. ಆಟ ತೀರಾ ಜೋರಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನ ಮಾಡಿ. ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ವೇಗ ಹೆಚ್ಚುತ್ತದೆ.

ಎರಡನೇ ದಾರಿ ಸ್ಕಮ್‌ವಿಎಂನದ್ದು. 2001ರಲ್ಲಿ ಶುರುವಾದ ಈ ಯೋಜನೆಯಲ್ಲಿ ಆಟದ ಚಿತ್ರ, ಸದ್ದು, ಕಥೆಯ ಫೈಲುಗಳು ಹಳೆಯವೇ ಇರುತ್ತವೆ. ಅವನ್ನು ಓಡಿಸುವ ಎಂಜಿನ್ ಮಾತ್ರ ಹೊಸದಾಗಿ ಬರೆದದ್ದು. 1994ರ ಬಿನೀತ್ ಎ ಸ್ಟೀಲ್ ಸ್ಕೈ ಆಟವನ್ನು ಅದರ ಒಡೆಯರೇ 2003ರಲ್ಲಿ ಉಚಿತ ಮಾಡಿದರು. ಈ ದಾರಿ ಹೇಗಿರುತ್ತದೆ ಅಂತ ನೋಡಲು ಅದನ್ನೇ ಇಳಿಸಿಕೊಳ್ಳಿ.

ಮೂರನೆಯದು ಸೋರ್ಸ್ ಪೋರ್ಟ್, ಅಂದರೆ ಮೂಲ ಕೋಡನ್ನೇ ತಿದ್ದಿ ಹೊಸ ಕಂಪ್ಯೂಟರಿಗೆ ಕಂಪೈಲ್ ಮಾಡುವುದು (ಕಂಪ್ಯೂಟರ್ ಓಡಿಸಬಲ್ಲ ಪ್ರೋಗ್ರಾಂ ಆಗಿ ಬದಲಿಸುವುದು). ಕಲಿಯುವವರಿಗೆ ನಾನು ಹೇಳುವುದು ಇದನ್ನೇ, ಅದರಲ್ಲೂ ಡೂಮ್‌ನಿಂದ ಶುರು ಮಾಡಿ. 1993ರಲ್ಲಿ ಬಂದ ಆ ಆಟದ ಕೋಡನ್ನು ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿ 1997ರಲ್ಲಿ ಬಿಡುಗಡೆ ಮಾಡಿತು. 1999ರಲ್ಲಿ ಅದು ಯಾರು ಬೇಕಾದರೂ ತಿದ್ದಿ ಹಂಚಲು ಬಿಡುವ ಜಿಪಿಎಲ್ ಪರವಾನಗಿಯಡಿ ಬಂತು. ಕೊಟ್ಟದ್ದು ಡಾಸ್ ಆವೃತ್ತಿಯದಲ್ಲ, ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಆವೃತ್ತಿಯ ಕೋಡ್. ಡಾಸ್ ಆವೃತ್ತಿಯ ಸದ್ದಿನ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಬೇರೆಯವರದ್ದಾಗಿತ್ತು, ಅದನ್ನು ಹಂಚುವ ಹಕ್ಕು ಇಡ್ ಕಂಪನಿಗಿರಲಿಲ್ಲ.

ಹಕ್ಕಿನ ಮಾತು ನಿಮಗೂ ಅನ್ವಯಿಸುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಅಂಗಡಿಯಲ್ಲಿ ಸಿಗುತ್ತಿಲ್ಲ ಅಂದ ಮಾತ್ರಕ್ಕೆ ಆಟ ಎಲ್ಲರ ಸ್ವತ್ತಾಗುವುದಿಲ್ಲ. ಹಾಗಾಗಿ ನೀವು ಎಂಜಿನ್ ಮಾತ್ರ ಹಂಚಿ. ಚಿತ್ರ, ಸಂಗೀತದ ಫೈಲುಗಳನ್ನು ಆಡುವವರೇ ತಾವು ಕೊಂಡ ಪ್ರತಿಯಿಂದ ತಂದುಕೊಳ್ಳಲಿ. ಡೂಮ್ ಎಂಜಿನ್ನಿಗಾದರೆ ಫ್ರೀಡೂಮ್ ಎಂಬ ಮುಕ್ತ ಚಿತ್ರ, ಸದ್ದುಗಳ ಕಟ್ಟೂ ಇದೆ. ಅದನ್ನು ಧೈರ್ಯವಾಗಿ ಜೊತೆಗೇ ಕೊಡಬಹುದು.

ಫ್ಲಾಪಿಗೆ ಬೂಷ್ಟು ಹಿಡಿದಿದ್ದರೆ

ಹಳೇ ಆಟ ಫ್ಲಾಪಿಯಲ್ಲಿ, ಅಂದರೆ ಆಗ ಫೈಲು ಇಡುತ್ತಿದ್ದ ಪುಟ್ಟ ಡಿಸ್ಕಿನಲ್ಲಿ ಇದ್ದರೆ, ಮೊದಲು ಅದನ್ನು ಹೊರತೆಗೆಯಬೇಕು. ಕೊಡಗಿನವರಿಗೆ ಈ ಹಂತ ಬೇರೆಯವರಿಗಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಬೀರುವಿನ ಬಟ್ಟೆ ಎಲ್ಲಕ್ಕೂ ಬೂಷ್ಟು ಬರುತ್ತದೆ, ಅಲ್ವಾ? ಅಟ್ಟದ ಮೇಲೆ ಇಟ್ಟ ಫ್ಲಾಪಿಯನ್ನೂ ಅದು ಬಿಡುವುದಿಲ್ಲ.

ಫ್ಲಾಪಿ ಸಿಕ್ಕ ಖುಷಿಯಲ್ಲಿ ಸೀದಾ ಡ್ರೈವಿಗೆ ತೂರಿಸಬೇಡಿ. ಮೂರೂವರೆ ಇಂಚಿನ ಫ್ಲಾಪಿಯ ಲೋಹದ ಮುಚ್ಚಳವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ. ಹಿಂಬದಿಯ ಲೋಹದ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸುತ್ತಾ ಕಪ್ಪು ತಟ್ಟೆಯನ್ನು ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ನೋಡಿ. ಬಿಳಿ ಚುಕ್ಕೆ, ಮೋಡದಂಥ ಕಲೆ ಕಂಡರೆ ಅದು ಬೂಷ್ಟು. ಅಂಥ ಫ್ಲಾಪಿಯನ್ನು ಹಾಗೇ ಓದಿಸಿದರೆ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟಿ, ತಟ್ಟೆಯ ಮೇಲೆ ಗೀರು ಬೀಳುತ್ತದೆ. ಆಮೇಲೆ ಹಾಕಿದ ಒಳ್ಳೇ ಫ್ಲಾಪಿಯೂ ಹಾಳಾಗುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಂಡು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯ ಕಡ್ಡಿಯಿಂದ ಒತ್ತದೇ ಒರೆಸಿ, ಪೂರ್ತಿ ಒಣಗಲು ಬಿಡಿ. ಇದನ್ನು ಜನವರಿ, ಫೆಬ್ರುವರಿಯಲ್ಲಿ ಮಾಡಿ. ಕಣದಲ್ಲಿ ಕಾಫಿ ಒಣಗುವ ಹವೆ ಫ್ಲಾಪಿಗೂ ಒಳ್ಳೆಯದು.

ಓದಿಸುವ ಮುಂಚೆ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ, ತೂತು ತೆರೆದಿರುವಂತೆ ಮಾಡಿ. ಆಗ ಕಂಪ್ಯೂಟರ್ ಅದರ ಮೇಲೆ ಏನನ್ನೂ ಬರೆಯಲಾರದು. ಯುಎಸ್‌ಬಿ ಫ್ಲಾಪಿ ಡ್ರೈವ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡುವ ಬದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ಪ್ರತಿ, ತೆಗೆಯಿರಿ. ಲಿನಕ್ಸ್‌ನ ಡಿಡಿರೆಸ್ಕ್ಯೂ ಇದಕ್ಕೆ ಹೇಳಿಮಾಡಿಸಿದ್ದು. 1.44 ಎಂಬಿ ಫ್ಲಾಪಿಯಲ್ಲಿ 512 ಬೈಟ್‌ನ 2,880 ತುಂಡುಗಳಿರುತ್ತವೆ. ಈ ತಂತ್ರಾಂಶ ಮೊದಲು ಸಲೀಸಾಗಿ ಬರುವ ತುಂಡುಗಳನ್ನೆಲ್ಲ ಎತ್ತಿಕೊಂಡು, ಹಟ ಮಾಡುವವುಗಳ ಹತ್ತಿರ ಕೊನೆಗೆ ವಾಪಸ್ ಹೋಗುತ್ತದೆ.

ಹಳೇ ಫ್ಲಾಪಿ ಅಂತ ಆಸೆ ಬಿಡಬೇಡಿ. 1989ರ ಪ್ರಿನ್ಸ್ ಆಫ್ ಪರ್ಷಿಯಾದ ಆಪಲ್ 2 ಕಂಪ್ಯೂಟರಿನ ಆವೃತ್ತಿಯ ಮೂಲ ಕೋಡ್ ಕಳೆದೇಹೋಯಿತು ಅಂದುಕೊಂಡಿದ್ದಾಗ, ಅದನ್ನು ಬರೆದ ಜೋರ್ಡನ್ ಮೆಕ್ನರ್ ಅವರ ತಂದೆಗೆ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ಇಪ್ಪತ್ತು ವರ್ಷ ದಾಟಿದ್ದರೂ ಅದರಿಂದ ಕೋಡ್ ಹೊರಬಂತು. 2012ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು.

ಕಂಪೈಲ್ ಆದರೂ ಲೆಕ್ಕ ತಪ್ಪುವುದು

ಕೋಡ್ ಸಿಕ್ಕಿತು ಅಂದುಕೊಳ್ಳಿ. ಒಂದೇ ಒಂದು ಸಾಲನ್ನು ಮುಟ್ಟುವ ಮೊದಲು ಮೂಲ ಆಟವನ್ನು ಡಾಸ್‌ಬಾಕ್ಸ್‌ನಲ್ಲಿ ಆಡಿ, ವಿಡಿಯೊ ಮಾಡಿಟ್ಟುಕೊಳ್ಳಿ. ಮುಂದೆ ಅನುಮಾನ ಬಂದಾಗಲೆಲ್ಲ ಅದನ್ನು ನೋಡಿಯೇ ತೀರ್ಮಾನಿಸಬೇಕು, ನೆನಪಿನಿಂದಲ್ಲ.

ಆಮೇಲೆ ಅಳತೆಗಳ ಕಡೆ ಬನ್ನಿ. 16 ಬಿಟ್ ಡಾಸ್ ಕಂಪೈಲರಿಗೆ ಒಂದು ಇಂಟ್ (ಸಿ ಭಾಷೆಯಲ್ಲಿ ಪೂರ್ಣಸಂಖ್ಯೆ ಇಡುವ ಜಾಗ) ಅಂದರೆ 2 ಬೈಟ್. ಇವತ್ತು ಅದು 4. ಇದರಿಂದ ಏನಾಗುತ್ತದೆ ನೋಡಿ. ಆಟಗಾರನ ಜೀವಗಳ ಲೆಕ್ಕಕ್ಕೆ ಒಂದು ಬೈಟಿನ ಕ್ಯಾರ್, ಅಂಕಗಳಿಗೆ ಒಂದು ಇಂಟ್ ಇರುವ ಸ್ಟ್ರಕ್ಟ್, ಅಂದರೆ ಮಾಹಿತಿಯ ಕಟ್ಟು, ಇದೆ. ಹಳೇ ಫೈಲಿನಲ್ಲಿ ಅದು 3 ಬೈಟ್ ಜಾಗ ಹಿಡಿದಿತ್ತು. ಇಂದಿನ ಕಂಪೈಲರ್ ಇಂಟ್ ಅನ್ನು 4 ಬೈಟ್ ಮಾಡಿ, ನಡುವೆ 3 ಬೈಟ್ ಖಾಲಿ ಬಿಟ್ಟು, ಒಟ್ಟು 8 ಬೈಟ್ ಮಾಡುತ್ತದೆ. ಕೋಡ್ ತಕರಾರಿಲ್ಲದೆ ಕಂಪೈಲ್ ಆಗುತ್ತದೆ, ಆಟವೂ ತೆರೆದುಕೊಳ್ಳುತ್ತದೆ. ಆದರೆ ಫೈಲಿನಿಂದ 3ರ ಬದಲು 8 ಬೈಟ್ ಓದಿದ್ದರಿಂದ ಮುಂದಿನದೆಲ್ಲ ಅಡಿಮೇಲು. ಜೀವ ಮೂರಿದ್ದರೂ ಅಂಕದ ಜಾಗದಲ್ಲಿ ಅರ್ಥವಿಲ್ಲದ ಸಂಖ್ಯೆ ಕಾಣುತ್ತದೆ. ಅದಕ್ಕೇ ಇಷ್ಟೇ ಬಿಟ್ ಅಂತ ಗಟ್ಟಿಯಾಗಿ ಹೇಳುವ ಟೈಪುಗಳನ್ನು ಬಳಸಿ, ಫೈಲನ್ನು ಒಂದೊಂದೇ ಅಂಶವಾಗಿ ಓದಿ.

ಇನ್ನೊಂದು ಚಿಕ್ಕ ವಿಷಯ. ಡಾಸ್‌ಗೆ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವಿರಲಿಲ್ಲ. ಲಿನಕ್ಸ್‌ಗೆ ಇದೆ. ನಿಮ್ಮ ವಿಂಡೋಸ್‌ನಲ್ಲಿ ಸರಿಯಾಗಿ ಓಡಿದ ಆಟ ಸ್ನೇಹಿತರ ಲಿನಕ್ಸ್‌ನಲ್ಲಿ ಫೈಲೇ ಇಲ್ಲ ಅಂತ ನಿಂತುಬಿಟ್ಟರೆ ಮೊದಲು ಇದನ್ನೇ ನೋಡಿ.

ಪರದೆ, ಕೀಲಿಮಣೆ, ಸದ್ದು ಮೂರಕ್ಕೂ ಎಸ್‌ಡಿಎಲ್ ಲೈಬ್ರರಿ ಸಾಕು. 1998ರಿಂದ ಇದೆ, ಎಲ್ಲ ಕಡೆ ಓಡುತ್ತದೆ. ಚಿತ್ರದ ಅಳತೆಯಲ್ಲಿ ಮಾತ್ರ ಜಾಗ್ರತೆ. ಹಳೇ ಆಟಗಳ 320ಕ್ಕೆ 200 ಚುಕ್ಕೆಯ (ಪಿಕ್ಸೆಲ್) ಚಿತ್ರ 4:3 ಪರದೆಯನ್ನು ತುಂಬುತ್ತಿತ್ತು, ಅಂದರೆ ಪ್ರತಿ ಚುಕ್ಕೆಯೂ ಅಗಲಕ್ಕಿಂತ ಎತ್ತರ. ಈಗ ಹಾಗೇ ತೋರಿಸಿದರೆ ವೀರರೆಲ್ಲ ಕುಳ್ಳಗೆ ಕಾಣುತ್ತಾರೆ. ಅಗಲವನ್ನು 5 ಪಟ್ಟು, ಎತ್ತರವನ್ನು 6 ಪಟ್ಟು ಮಾಡಿದರೆ 1600ಕ್ಕೆ 1200 ಆಗಿ ಸರಿಹೋಗುತ್ತದೆ. ಸಾಮಾನ್ಯ 1080ರ ಪರದೆಯಲ್ಲಿ 1440ರ ಅಗಲಕ್ಕೆ ನಿಲ್ಲಿಸಿ, ಎರಡೂ ಬದಿ ಕಪ್ಪು ಬಿಡಿ.

ವೇಗ ಸರಿಯಿಲ್ಲದಿದ್ದರೆ ಆಟವೇ ಅಲ್ಲ

ಹಳಬರು ಮೊದಲು ಗುರುತಿಸುವುದು ಚಿತ್ರವನ್ನಲ್ಲ, ವೇಗವನ್ನು. ಯಾವ ಕ್ಷಣಕ್ಕೆ ಜಿಗಿಯಬೇಕು ಅನ್ನುವುದು ಅವರ ಬೆರಳಿಗೆ ಗೊತ್ತಿರುತ್ತದೆ. ಅದು ಒಂಚೂರು ತಪ್ಪಿದರೂ ಹಳ್ಳಕ್ಕೆ ಬೀಳುತ್ತಾರೆ.

ಆಗಿನ ಎಷ್ಟೋ ಆಟಗಳು ಪ್ರೊಸೆಸರ್ ಎಷ್ಟು ಜೋರೋ ಅಷ್ಟು ಜೋರಾಗಿ ಓಡುತ್ತಿದ್ದವು. ಟರ್ಬೊ ಪಾಸ್ಕಲ್ ಎಂಬ ಆಗಿನ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಕೆಲವಂತೂ ಹೊಸ ಕಂಪ್ಯೂಟರಿನಲ್ಲಿ ರನ್‌ಟೈಮ್ ಎರರ್ 200 ಎಂದು ಹೇಳಿ ಅಲ್ಲೇ ಸಾಯುತ್ತಿದ್ದವು. ಶುರುವಿನಲ್ಲಿ 55 ಮಿಲಿಸೆಕೆಂಡಿಗೆ ಎಷ್ಟು ಸುತ್ತು ಹಾಕಬಹುದು ಅಂತ ಎಣಿಸಿ ಭಾಗಿಸುವ ಲೆಕ್ಕ ಅದರಲ್ಲಿತ್ತು. ಪ್ರೊಸೆಸರ್ ಜೋರಾದಾಗ ಉತ್ತರ ಅದಕ್ಕಿಟ್ಟ ಜಾಗವನ್ನೇ ಮೀರಿತು.

ಪರಿಹಾರ ಸರಳ. ಚಿತ್ರ ಬಿಡಿಸುವ ಕೆಲಸ ಬೇರೆ, ಆಟದ ಲೆಕ್ಕ ಬೇರೆ ಮಾಡಿ. ಡೂಮ್‌ನ ಲೆಕ್ಕ ಸೆಕೆಂಡಿಗೆ 35 ಸಲ ನಡೆಯುತ್ತದೆ. ನಿಮ್ಮ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಲಿ, 144 ಸಲ ಬದಲಿಸಲಿ, ಆ 35 ಕದಲಬಾರದು.

ಅದೇ ಡೂಮ್‌ನಲ್ಲಿ ಒಂದು ಅಪರೂಪದ ಪರೀಕ್ಷೆಯೂ ಇದೆ. ಅದರ ಡೆಮೊ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ, ಆಟಗಾರ ಪ್ರತಿ ಹೆಜ್ಜೆಗೆ ಏನು ಮಾಡಿದ ಅನ್ನುವುದಷ್ಟೇ ಇರುತ್ತದೆ. ನಿಮ್ಮ ಪೋರ್ಟ್ ಆ ಫೈಲನ್ನು ಓದಿ ಇಡೀ ಆಟವನ್ನು ಮತ್ತೆ ಆಡಬೇಕು. ಎಲ್ಲೋ ಒಂದು ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಸ್ವಲ್ಪ ಹೊತ್ತಿಗೆ ಆಟಗಾರ ಗೋಡೆಗೆ ಮುಖ ಕೊಟ್ಟು ಗುಂಡು ಹಾರಿಸುತ್ತಿರುತ್ತಾನೆ. ಹಳೇ ಡೆಮೊಗಳೆಲ್ಲ ಕೊನೆಯವರೆಗೆ ಓಡಿದರೆ ನೆಮ್ಮದಿಯಿಂದ ಮುಂದೆ ಹೋಗಿ.

ಇಲ್ಲಿ ತಿದ್ದುವ ಆಸೆ ಬರುತ್ತದೆ. ಡೂಮ್‌ನಲ್ಲಿ ನೇರ ಓಡುವುದಕ್ಕಿಂತ ಓರೆಯಾಗಿ ಓಡಿದರೆ ವೇಗ ಜಾಸ್ತಿ. ಲೆಕ್ಕದ ಪ್ರಕಾರ ಅದು ತಪ್ಪು. ಆದರೆ ಆಡುವವರು ಅದನ್ನೇ ಕಲಿತು, ಅದರ ಮೇಲೇ ಆಟ ಕಟ್ಟಿಕೊಂಡಿದ್ದಾರೆ. ಚಾಕೊಲೇಟ್ ಡೂಮ್ ಎಂಬ ಪೋರ್ಟ್ ಇಂಥ ಹಳೇ ತಪ್ಪುಗಳನ್ನೂ ಬೇಕೆಂದೇ ಉಳಿಸಿಕೊಂಡಿದೆ. ನನ್ನ ಮಟ್ಟಿಗೆ ಅದೇ ಸರಿ. ಹೊಸ ಸೌಲಭ್ಯ ಸೇರಿಸುವುದಾದರೆ ಆಯ್ಕೆಯಾಗಿ ಕೊಡಿ, ಮೊದಲ ಸಲ ತೆರೆದಾಗ ಅದು ಆಫ್ ಆಗಿರಲಿ.

ಕರೆಂಟ್ ಮತ್ತು ಕನ್ನಡ

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಆಟ ಸೇವ್ ಆಗುತ್ತಿರುವಾಗಲೇ ಹೋದರೆ? ಹಳೇ ಸೇವ್ ಫೈಲಿನ ಮೇಲೆ ನೇರವಾಗಿ ಬರೆಯುವ ಆಟದಲ್ಲಿ ಹಳೆಯದೂ ಹೋಯಿತು, ಹೊಸದೂ ಇಲ್ಲ. ಹೊಸ ಸೇವನ್ನು ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಅದು ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ಹೆಸರು ಬದಲಿಸಿ. ಹಿಂದಿನದನ್ನೂ ಒಂದು ಪ್ರತಿ ಉಳಿಸಿ. ಕೆಲವೇ ಸಾಲಿನ ಕೋಡ್ ಇದು.

ಮೆನು ಕನ್ನಡದಲ್ಲಿರಲಿ ಅನ್ನುವುದು ನನ್ನ ಆಸೆ. ಹಳೇ ಆಟಗಳಲ್ಲಿ ಪ್ರತಿ ಅಕ್ಷರವೂ 8ಕ್ಕೆ 8 ಚುಕ್ಕೆಯ ಚಿತ್ರ. ಅದರೊಳಗೆ ನಮ್ಮ ಒತ್ತಕ್ಷರ ಕೂರುವುದಿಲ್ಲ. ಹಾಗಾಗಿ ಆಟದ ಚಿತ್ರವನ್ನು ದೊಡ್ಡದು ಮಾಡಿದ ಮೇಲೆ ಅದರ ಮೇಲೊಂದು ಪದರದಲ್ಲಿ ಯೂನಿಕೋಡ್ ಫಾಂಟಿನಿಂದ ಬರೆಸಿ. ಅಕ್ಷರ, ಒತ್ತುಗಳನ್ನು ಸರಿಯಾಗಿ ಜೋಡಿಸಲು ಹಾರ್ಫ್‌ಬಜ್ ಲೈಬ್ರರಿ ಇದೆ. ಮಾತುಗಳನ್ನೆಲ್ಲ ಕೋಡಿನಿಂದ ತೆಗೆದು ಬೇರೆ ಫೈಲಿನಲ್ಲಿಡಿ. ಕೊಡವ ತಕ್ಕ್ ಮತ್ತು ಅರೆಭಾಷೆಯನ್ನೂ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ, ಆಸಕ್ತಿ ಇದ್ದವರು ಕೋಡ್ ಮುಟ್ಟದೆ ತಮ್ಮ ಮಾತಿನಲ್ಲಿ ಮೆನು ಮಾಡಿಕೊಳ್ಳಬಹುದು.

ಆಡುವವರ ಜೊತೆ ನಿಲ್ಲುವುದು

ಬಿಡುಗಡೆ ಮಾಡಿದ ಮಾರನೇ ದಿನದಿಂದ ಮೆಸೇಜ್ ಶುರು. "ಸರ್, ಆಟ ಓಪನ್ ಆಗ್ತಿಲ್ಲ." ಜೊತೆಗೆ ಮೊಬೈಲಿನಲ್ಲಿ ತೆಗೆದ ಪರದೆಯ ಓರೆ ಫೋಟೊ. ಇಷ್ಟೇ ಬರುತ್ತದೆ, ಇದನ್ನು ಬಯ್ಯಬೇಡಿ. ಫೋಟೊ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅದರಲ್ಲೇ ಉತ್ತರ ಸಿಗುವ ಹಾಗೆ ಮಾಡಬಹುದು. ಮೆನುವಿನ ಮೂಲೆಯಲ್ಲಿ ಆವೃತ್ತಿ ಸಂಖ್ಯೆ ದೊಡ್ಡದಾಗಿ ಕಾಣಲಿ. ಫೈಲ್ ಸಿಗದಿದ್ದರೆ ಸುಮ್ಮನೆ ಮುಚ್ಚಿಕೊಳ್ಳುವ ಬದಲು, ಯಾವ ಫೈಲ್ ಸಿಗಲಿಲ್ಲ, ಯಾವ ಫೋಲ್ಡರಿನಲ್ಲಿ ಹುಡುಕಿತು, ಅದನ್ನು ಎಲ್ಲಿಗೆ ತಂದು ಹಾಕಬೇಕು ಅಂತ ಪೂರ್ತಿ ವಾಕ್ಯದಲ್ಲಿ ತೋರಿಸಲಿ. ಏನೇನಾಯಿತು ಅಂತ ಆಟ ತಾನೇ ಒಂದು ಲಾಗ್ ಫೈಲ್ ಬರೆಯಲಿ. ಲಾಗ್ ಮತ್ತು ಕೊನೆಯ ಸೇವ್ ಎರಡನ್ನೂ ಸೇರಿಸಿ ಜಿಪ್ ಮಾಡುವ ಗುಂಡಿ ಮೆನುವಿನಲ್ಲಿದ್ದರೆ, ಆಡುವವರು ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಮುಗಿಯಿತು.

ಪದೇ ಪದೇ ಬರುವ ಪ್ರಶ್ನೆಗಳಿವೆ. ಹೊಸ ಪ್ರೋಗ್ರಾಂ ಅಂತ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸುತ್ತದೆ. ಯಾಕೆ ಬರುತ್ತದೆ ಅಂತ ಚಿತ್ರದ ಸಮೇತ ಮೊದಲೇ ಬರೆದಿಡಿ. ಎಷ್ಟೋ ಲ್ಯಾಪ್‌ಟಾಪ್ ಕೀಲಿಮಣೆಗಳು ಒಟ್ಟಿಗೆ ಒತ್ತಿದ ಮೂರನೇ ಕೀಯನ್ನು ನುಂಗಿಬಿಡುತ್ತವೆ. ಓಡುತ್ತಾ ಜಿಗಿದು ಗುಂಡು ಹಾರಿಸಲು ಆಗುತ್ತಿಲ್ಲ ಅಂದರೆ ತಪ್ಪು ಆಡುವವರದ್ದಲ್ಲ. ಕೀ ಬದಲಿಸುವ ಸೌಲಭ್ಯ, ಗೇಮ್‌ಪ್ಯಾಡ್ ಎರಡಕ್ಕೂ ಅವಕಾಶ ಕೊಡಿ.

ಆಟ ಶುರುವಾಗಲು ಇಂಟರ್ನೆಟ್ ಬೇಕೇಬೇಕು ಅಂತ ಮಾಡಲೇಬೇಡಿ. ಭಾಗಮಂಡಲದ ಕಡೆಯೋ, ನಾಪೋಕ್ಲಿನ ಆಚೆಯೋ ತೋಟದ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗಲೂ ಆಟ ತೆರೆಯಬೇಕು. ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೆ ಓಡುವಂಥ ಒಂದೇ ಜಿಪ್ ಇರಲಿ. ಅಪ್‌ಡೇಟ್ ಚಿಕ್ಕದಾಗಿರಲಿ, ಮತ್ತು ಹಳೇ ಸೇವ್ ಫೈಲ್ ಹೊಸ ಆವೃತ್ತಿಯಲ್ಲಿ ತೆರೆಯುತ್ತದೆಯೇ ಅಂತ ಪ್ರತಿ ಸಲವೂ ಪರೀಕ್ಷಿಸಿ. ತಿಂಗಳುಗಟ್ಟಲೆ ಆಡಿದ್ದನ್ನು ಅಳಿಸಿಹಾಕಿದರೆ ಅವರು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ಒಬ್ಬರು ತೊಂದರೆ ಹೇಳಿದಾಗ ಅದು ನಿಮ್ಮ ಕಂಪ್ಯೂಟರಿನಲ್ಲಿ ಕಾಣದಿರಬಹುದು. ಆಗ "ನನ್ನಲ್ಲಿ ಸರಿಯಾಗಿದೆ" ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಅವರ ಸೇವ್ ತರಿಸಿಕೊಂಡು, ಅದೇ ಜಾಗದಿಂದ, ಅವರು ಹೇಳಿದ ಹಾಗೇ ಆಡಿ ನೋಡಿ. ಸರಿಹೋದ ಮೇಲೆ ಯಾವ ಆವೃತ್ತಿಯಲ್ಲಿ ಸರಿಯಾಯಿತು ಅಂತ ಅವರಿಗೇ ತಿಳಿಸಿ.

ಮುಂದೊಂದು ದಿನ ನಿಮಗೆ ಇದನ್ನು ನೋಡಿಕೊಳ್ಳಲು ಸಮಯ ಸಿಗದೇ ಹೋಗಬಹುದು. ಕೋಡ್, ಕಂಪೈಲ್ ಮಾಡುವ ಕ್ರಮ, ಬೇಕಾದ ಲೈಬ್ರರಿಗಳ ಆವೃತ್ತಿ, ಇನ್ನೂ ಸರಿಪಡಿಸದ ದೋಷಗಳ ಪಟ್ಟಿ, ಎಲ್ಲವನ್ನೂ ಒಂದೇ ಕಡೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದಿಟ್ಟು, ಅದನ್ನು ಮುಂದುವರಿಸಲು ಒಪ್ಪಿದ ಇಬ್ಬರಿಗಾದರೂ ಈಗಲೇ ಪಾಸ್‌ವರ್ಡ್ ಸಮೇತ ಒಪ್ಪಿಸಿ.