ಕೆಂಪು ಬಣ್ಣಕ್ಕೆ ಮರುಳಾದ ಮೇಲೆ

ಸೀಸೆಯೊಳಗಿನ ದ್ರಾವಣ ಮಾಣಿಕ್ಯದಂತೆ ಕೆಂಪಗಾದಾಗ ಕೆಲಸ ಕೈಗೂಡಿತೆಂದೇ ನಂಬಿದ್ದೆ. ಕಬ್ಬಿಣದ ಆಕ್ಸೈಡ್ ನ್ಯಾನೊಕಣಗಳಿಗೆ ಚಿನ್ನದ ಹೊದಿಕೆ ಹೊದಿಸುವುದು ನನ್ನ ಕೆಲಸ; ಚಿನ್ನ ಇಷ್ಟು ಸಣ್ಣ ಕಣಗಳಾದಾಗ ಕೆಂಪಗೆ ಕಾಣುತ್ತದೆ. ಯಾವ ಬಣ್ಣದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆಂದು ತೋರುವ ಸ್ಪೆಕ್ಟ್ರೊಮೀಟರಿನಲ್ಲಿ 520 ನ್ಯಾನೊಮೀಟರ್ ತರಂಗಾಂತರದ ಬಳಿ ಚಿನ್ನದ ಶಿಖರವೂ ಕಂಡಿತ್ತು. ಪಕ್ಕದಲ್ಲಿ ಅಯಸ್ಕಾಂತ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಕಪ್ಪು ಕಣಗಳು ಗಾಜಿಗೆ ಅಂಟಿದ್ದವು, ಕೆಂಪು ಮಾತ್ರ ನೀರಿನಲ್ಲೇ ಉಳಿದಿತ್ತು. ಚಿನ್ನ ತನ್ನ ಪಾಡಿಗೆ ಬೇರೆಯೇ ಕಣಗಳಾಗಿ ಕುಳಿತಿತ್ತು.

ತಿರುಳಿನ, ಅಂದರೆ ಒಳಗಿನ ಆಕ್ಸೈಡ್ ಕಣಗಳ ತಯಾರಿ ಅಷ್ಟು ಕಾಡಲಿಲ್ಲ. ಕಬ್ಬಿಣದ ಎರಡು ಬಗೆಯ ಲವಣಗಳಾದ ಫೆರಿಕ್ ಮತ್ತು ಫೆರಸ್ ಲವಣಗಳನ್ನು 2:1 ಪ್ರಮಾಣದಲ್ಲಿ ಬೆರೆಸಿ, ಸಾರಜನಕ ಹಾಯಿಸುತ್ತ ಅಮೋನಿಯಾ ಸುರಿದರೆ ಕ್ಷಣದಲ್ಲಿ ಕಪ್ಪು ಒತ್ತರ (ದ್ರಾವಣದಿಂದ ಬೇರ್ಪಡುವ ಘನ). ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೊರಹಾಕದೆ ಅವಸರಪಟ್ಟ ದಿನ ಮಾತ್ರ ಕಂದು ಬಣ್ಣ ಬಂತು.

ಹೊದಿಕೆಗೆ ಕೊನೆಗೆ ಒಗ್ಗಿದ ದಾರಿ ಇದು: ಕಣಗಳ ಮೇಲ್ಮೈಗೆ ಚಿನ್ನವನ್ನು ಹಿಡಿದಿಡುವ ಅಮೈನ್ ಗುಂಪುಳ್ಳ ಸಿಲೇನ್ (ಸಿಲಿಕಾನಿನ ಒಂದು ಸಂಯುಕ್ತ) ಕೂಡಿಸಿ, ಅದಕ್ಕೆ ಚಿನ್ನದ ಪುಟ್ಟ ಬೀಜಕಣಗಳನ್ನು ಅಂಟಿಸಿದೆ. ಆಮೇಲೆ ಹೈಡ್ರಾಕ್ಸಿಲಮೀನ್ ಜೊತೆ ಚಿನ್ನದ ಲವಣವನ್ನು ಕಂತು ಕಂತಾಗಿ ಸೇರಿಸಿದೆ. ಲವಣವನ್ನು ಚಿನ್ನವಾಗಿಸುವ ಈ ಅಪಕರ್ಷಕ ಹೊಸ ಕಣ ಹುಟ್ಟಿಸುವುದಕ್ಕಿಂತ ಇದ್ದ ಚಿನ್ನದ ಮೇಲೆಯೇ ಚಿನ್ನ ಬೆಳೆಸುತ್ತದೆ. ಪ್ರತಿ ಕಂತಿನ ನಂತರ ಅಯಸ್ಕಾಂತದಿಂದ ಕಣಗಳನ್ನು ಹಿಡಿದು, ಮೇಲಿನ ನೀರನ್ನು ಚೆಲ್ಲುತ್ತಿದ್ದೆ. ಚೆಲ್ಲುವ ಮುನ್ನ ಆ ನೀರಿನ ವರ್ಣಪಟಲವನ್ನೂ ತೆಗೆಯುವ ಅಭ್ಯಾಸ ಅಂದಿನಿಂದ ಬಿಟ್ಟಿಲ್ಲ.

ಸ್ಫಟಿಕಗಳ ಗುರುತು ಹಿಡಿಯುವ ಎಕ್ಸ್-ರೇ ವಿವರ್ತನೆಯಲ್ಲಿ 35.5 ಡಿಗ್ರಿ ಕೋನಕ್ಕೆ ಆಕ್ಸೈಡ್, 38.2ಕ್ಕೆ ಚಿನ್ನ ಸಿಕ್ಕವು. ಆದರೆ ಎರಡು ಪುಡಿಗಳನ್ನು ಸುಮ್ಮನೆ ಬೆರೆಸಿಟ್ಟರೂ ಅದೇ ಚಿತ್ರ ಬರುತ್ತದೆ! ಕಬ್ಬಿಣದ ಎರಡು ಬಗೆಯ ಆಕ್ಸೈಡುಗಳಾದ ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹಮೈಟ್ ರೇಖೆಗಳು ಇಷ್ಟು ಸಣ್ಣ ಕಣಗಳಲ್ಲಿ ಒಂದರೊಳಗೊಂದು ಬೆರೆತುಹೋಗುವುದರಿಂದ ನನ್ನ ಪುಸ್ತಕದಲ್ಲಿ ಬರೀ 'ಕಬ್ಬಿಣದ ಆಕ್ಸೈಡ್' ಎಂದೇ ಬರೆದಿದ್ದೇನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿನ್ನ ಹೆಚ್ಚು ಗಾಢವಾಗಿ ಕಂಡಿತು. ಒಂಟಿ ಕಣಗಳಿಗಿಂತ ಗುಂಪುಗಳೇ ಹೆಚ್ಚಾಗಿ ಹೊದ್ದಿದ್ದವು ಎನ್ನುವುದೂ ಅಲ್ಲೇ ಬಯಲಾಯಿತು.

ನನಗೆ ಹೆಚ್ಚು ನಂಬಿಕೆ ಬಂದದ್ದು ಹೈಡ್ರೊಕ್ಲೋರಿಕ್ ಆಮ್ಲದ ಪರೀಕ್ಷೆಯಿಂದ. ಹೊದಿಕೆಯಲ್ಲಿ ತೂತಿದ್ದರೆ ಕಬ್ಬಿಣ ಕರಗಿ ದ್ರಾವಣ ಹಳದಿಯಾಗುತ್ತದೆ. ಮೊದಲ ಎರಡು ಮಾದರಿಗಳು ಹಳದಿಯಾದವು. ಐದು ಕಂತು ಚಿನ್ನ ಉಂಡ ಮೂರನೆಯದು ಆಮ್ಲದಲ್ಲಿ ಮಿಂದ ಮೇಲೂ ಅಯಸ್ಕಾಂತದ ಕಡೆಗೆ ಸರಿಯಿತು.

ಆದರೆ ಕಾಂತತೆ ಅಳೆದಾಗ ಎದೆ ಧಸಕ್ಕೆಂದಿತು: ಗ್ರಾಂಗೆ 61 ಇಎಂಯು (ಕಾಂತತೆ ಅಳೆಯುವ ಮಾನ) ಇದ್ದದ್ದು 11ಕ್ಕೆ ಇಳಿದಿತ್ತು. ತಿರುಳು ಕೆಟ್ಟಿತೆಂದುಕೊಂಡೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. 10 ನ್ಯಾನೊಮೀಟರ್ ತಿರುಳಿಗೆ 2 ನ್ಯಾನೊಮೀಟರ್ ಹೊದಿಕೆ ಇದ್ದರೂ ಸಾಕು, ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಆಕ್ಸೈಡಿನದು ಸುಮಾರು 5.2 ಆದ್ದರಿಂದ ಒಟ್ಟು ತೂಕದಲ್ಲಿ ಆಕ್ಸೈಡಿನ ಪಾಲು ಶೇಕಡಾ 13ರಷ್ಟು ಮಾತ್ರ. ತಿರುಳಿಗೆ ಏನೂ ಆಗಿರಲಿಲ್ಲ, ನಾನು ತೂಗಿದ್ದರಲ್ಲಿ ಬಹುಪಾಲು ಚಿನ್ನವೇ ಆಗಿತ್ತು.