ಔಷಧಿ ಇಲ್ಲದ ಸೂಜಿಗೆ ದುಡ್ಡು ಯಾಕೆ?

"ಸೂಜಿ ಒಳಗೆ ಔಷಧಿ ಏನು ಹಾಕ್ತೀರಾ ಮೇಡಂ?"

"ಏನೂ ಇಲ್ಲ. ಬರೀ ಸೂಜಿ."

"ಮತ್ತೆ ದುಡ್ಡು ಯಾಕೆ?"

ಹೀಗೆ ಕೇಳಿದವರು ಬೆಂಗಳೂರಿನ ಶ್ರೀನಗರದ ಕಡೆಯ ಒಬ್ಬ ಆಟೋ ಚಾಲಕರು. ತಮಾಷೆಗೆ ಕೇಳಿದ್ದಲ್ಲ. ಮೀಟರ್ ಮೇಲೆ ಬದುಕುವವರು, ಯಾವುದಕ್ಕೆ ಎಷ್ಟು ಅಂತ ಕೇಳುವುದು ಅವರ ಹಕ್ಕು. ನನಗೆ ಆವತ್ತು ಸರಿಯಾದ ಉತ್ತರ ಹೊಳೆಯಲಿಲ್ಲ. ನಕ್ಕು ಸುಮ್ಮನಾದೆ. ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್. ಎರಡು ಮಂಚ, ನಡುವೆ ಒಂದು ಪರದೆ, ಕೆಳಗಡೆ ಬೇಕರಿ. ಸಂಜೆ ನಾಲ್ಕಕ್ಕೆ ಖಾರಾ ಬನ್ನಿನ ವಾಸನೆ ಮೇಲೆ ಬಂದರೆ ರೋಗಿಗಳ ಅರ್ಧ ನೋವು ಅಲ್ಲೇ ಹೋಗುತ್ತದೆ. ಡ್ರೈ ನೀಡ್ಲಿಂಗ್ ಅನ್ನುವ ಈ ಬರೀ ಸೂಜಿಯ ಚಿಕಿತ್ಸೆ ಶುರು ಮಾಡಿದ ಮೇಲೆ ಈ ದುಡ್ಡಿನ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ.

ನಮ್ಮ ಜನರ ಬಾಯಲ್ಲಿ ನೋವಿಗೆ ಎರಡೇ ಕಾರಣ. ಒಂದು ನರ, ಇನ್ನೊಂದು ಗ್ಯಾಸು. ಕುತ್ತಿಗೆ ತಿರುಗದಿದ್ದರೆ "ನರ ಹಿಡ್ಕೊಂಡಿದೆ". ಬೆನ್ನಿನಲ್ಲಿ ಚಳಕು ಬಂದರೆ "ವಾಯು ಇರಬೇಕು". ಮಾಂಸಖಂಡದ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ನನ್ನ ಮಂಚಕ್ಕೆ ಬರುವವರಲ್ಲಿ ಬಹಳ ಜನರಿಗೆ ತೊಂದರೆ ಇರುವುದು ಅಲ್ಲೇ. ಲಂಗದ ಸೊಂಟಪಟ್ಟಿಯೊಳಗೆ ಲಾಡಿ ಇರುತ್ತದಲ್ಲ, ಮೇಲಿಂದ ಬೆರಳಾಡಿಸಿದರೆ ಸಿಗುತ್ತದೆ. ಬಿಗಿದುಕೊಂಡ ಮಾಂಸಖಂಡದಲ್ಲೂ ಹಾಗೇ ಒಂದು ಎಳೆ ಕೈಗೆ ಸಿಗುತ್ತದೆ. ಆ ಎಳೆಯ ಉದ್ದಕ್ಕೂ ಬೆರಳು ಜಾರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಗಂಟು. ಅದನ್ನು ಒತ್ತಿದ ತಕ್ಷಣ ಮಲಗಿದ್ದವರು "ಹಾ, ಅದೇ, ಅದೇ" ಅನ್ನುತ್ತಾರೆ. ಅದು ಟ್ರಿಗರ್ ಪಾಯಿಂಟ್. ಆ ಗಂಟಿಗೆ ತೆಳುವಾದ ಸೂಜಿ ಹಾಕಿ ಕೆದಕುವುದೇ ಡ್ರೈ ನೀಡ್ಲಿಂಗ್. ದ್ರವ ಏನೂ ಒಳಗೆ ಹೋಗುವುದಿಲ್ಲ, ಅದಕ್ಕೇ "ಡ್ರೈ".

ಈ ಗಂಟುಗಳ ನಕ್ಷೆಯನ್ನು ದೊಡ್ಡ ಮಟ್ಟದಲ್ಲಿ ಬರೆದಿಟ್ಟವರು ಅಮೆರಿಕದ ಜ್ಯಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದವರು. ಅವರು ಗಂಟಿಗೆ ಅರಿವಳಿಕೆ ಔಷಧಿ ಚುಚ್ಚುತ್ತಿದ್ದರು. 1979ರಲ್ಲಿ ಪ್ರಾಗ್‌ನ ಕಾರೆಲ್ ಲೆವಿಟ್ ಎಂಬ ವೈದ್ಯರು, ಔಷಧಿಯಷ್ಟೇ ಅಲ್ಲ, ಸೂಜಿ ಸರಿಯಾದ ಜಾಗಕ್ಕೆ ತಾಗುವುದೂ ನೋವು ಇಳಿಸುತ್ತದೆ ಅಂತ ಬರೆದರು. ನಮ್ಮ ಆಟೋದವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ಬೆರಳಲ್ಲಿದೆ.

ಅದು ನನಗೆ ಗೊತ್ತಾಗಿದ್ದು ತರಬೇತಿಯಲ್ಲಿ. ಅಲ್ಲಿ ನಾವೇ ಒಬ್ಬರಿಗೊಬ್ಬರು ರೋಗಿ. ನನಗೆ ಚಿಕ್ಕಂದಿನಿಂದ ಸೂಜಿ ಅಂದರೆ ಭಯ, ರಕ್ತ ಪರೀಕ್ಷೆಗೆ ಹೋದರೆ ಈಗಲೂ ಗೋಡೆ ಕಡೆ ಮುಖ ಮಾಡುತ್ತೇನೆ. ಮೊದಲ ಸೂಜಿ ನನ್ನ ಬಲ ಹೆಗಲ ಮೇಲೆ, ಕುತ್ತಿಗೆಗೂ ಭುಜಕ್ಕೂ ನಡುವಿನ ಟ್ರಪೀಜಿಯಸ್ ಎಂಬ ಮಾಂಸಖಂಡಕ್ಕೆ. ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟೂ ಇರಲಿಲ್ಲ. ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ ಒಳಗೆ ಏನೋ ಪಟಕ್ ಅಂತ ಕುಪ್ಪಳಿಸಿತು. ಗಾಳಕ್ಕೆ ಮೀನು ಬಿದ್ದಾಗ ದಾರ ಎಳೆಯುತ್ತದಲ್ಲ, ಹಾಗೆ. ಅದರ ಹಿಂದೆಯೇ ಕಿವಿಯ ಹಿಂಭಾಗದಿಂದ ಕಣತಲೆಯವರೆಗೆ ಭಾರವಾದ ಒಂದು ನೋವು ಏರಿತು. ನಾನು ವರ್ಷಗಟ್ಟಲೆ "ಮೈಗ್ರೇನ್ ಇರಬೇಕು" ಅಂತ ಮಾತ್ರೆ ನುಂಗಿದ್ದ ಅದೇ ನೋವು! ಆ ಕುಪ್ಪಳಿಕೆಗೆ ಟ್ವಿಚ್ ಅಂತ ಹೆಸರು. ಅದು ಬಂದರೆ ಸೂಜಿ ಗಂಟಿಗೆ ತಾಗಿದೆ ಅಂತ ಧೈರ್ಯ.

ನಾನು ಇನ್ನೊಬ್ಬರಿಗೆ ಹಾಕುವ ಸರದಿ ಬಂದಾಗ ಕೈ ನಡುಗಿತು. ಹೆಗಲ ಆ ಭಾಗದ ಕೆಳಗೆ ಶ್ವಾಸಕೋಶದ ತುದಿ ಇದೆ. ಸೂಜಿ ದಾರಿ ತಪ್ಪಿದರೆ ಶ್ವಾಸಕೋಶಕ್ಕೆ ತೂತು ಬಿದ್ದು ಎದೆಯೊಳಗೆ ಗಾಳಿ ತುಂಬಿಕೊಳ್ಳಬಹುದು. ತೀರಾ ಅಪರೂಪ, ಆದರೆ ಹಾಗೇನಾದರೂ ಆಯಿತೋ, ಆಸ್ಪತ್ರೆಯೇ ಗತಿ. ಅದಕ್ಕೇ ಅಲ್ಲಿ ನೇರವಾಗಿ ಕೆಳಕ್ಕೆ ಚುಚ್ಚುವ ಹಾಗಿಲ್ಲ. ಹೆಬ್ಬೆರಳು, ತೋರುಬೆರಳುಗಳ ಮಧ್ಯೆ ಆ ಮಾಂಸಖಂಡವನ್ನು ಬೆಕ್ಕಿನ ಮರಿಯ ಕತ್ತು ಹಿಡಿದ ಹಾಗೆ ಮೇಲೆತ್ತಿ, ಎದೆಗೂಡಿನ ಕಡೆ ಹೋಗದಂತೆ ನನ್ನ ಬೆರಳಿನ ಕಡೆಗೇ ಸೂಜಿ ಹಾಯಿಸಬೇಕು. ತರಬೇತಿ ಮುಗಿದ ಮೇಲೂ ಎರಡು ತಿಂಗಳು ನಾನು ಯಾವ ರೋಗಿಯ ಹೆಗಲಿಗೂ ಕೈ ಹಾಕಲಿಲ್ಲ. ರಾತ್ರಿ ಮನೆಯಲ್ಲಿ ನನ್ನ ತೊಡೆಗೇ ಹಾಕಿಕೊಳ್ಳುತ್ತಿದ್ದೆ. ಅಮ್ಮ ಒಂದು ಸಲ ನೋಡಿ, "ಇದೇನೇ, ಸೂಜಿಮಲ್ಲಿಗೆ ಹೂವಿನ ಹಾಗೆ ಚುಚ್ಚಿಕೊಂಡು ಕೂತಿದೀಯಾ" ಅಂದರು.

ಇನ್ನು ಆಟೋ ಚಾಲಕರ ಭುಜ. ಬಲ ಭುಜದ ಮುಂಭಾಗದಲ್ಲಿ ಎಂಟು ತಿಂಗಳಿಂದ ನೋವು. ಆಕ್ಸಿಲರೇಟರ್ ತಿರುಚುವ ಕೈ. ಮುಂಭಾಗಕ್ಕೆ ಎಷ್ಟು ಮುಲಾಮು ಹಚ್ಚಿದ್ದರು ಅಂದರೆ ಪರದೆ ಎಳೆದ ತಕ್ಷಣ ನನ್ನ ಕಣ್ಣಲ್ಲಿ ನೀರು. ಕೈ ಎತ್ತಿಸಿ, ತಿರುಗಿಸಿ, ಬೆನ್ನ ಹಿಂದೆ ಕಟ್ಟಿಸಿ ನೋಡಿದೆ. ಕುತ್ತಿಗೆಯನ್ನೂ ನೋಡಿದೆ, ಯಾಕೆಂದರೆ ಕುತ್ತಿಗೆಯ ನರವೂ ಇದೇ ನಾಟಕ ಆಡುತ್ತದೆ. ಆಮೇಲೆ ಅವರನ್ನು ಬೋರಲಾಗಿ ಮಲಗಿಸಿ, ಬೆನ್ನಿನ ರೆಕ್ಕೆ ಮೂಳೆಯ ಮೇಲೆ ಇನ್‌ಫ್ರಾಸ್ಪೈನೇಟಸ್ ಎಂಬ ಮಾಂಸಖಂಡದಲ್ಲಿ ಬೆರಳಾಡಿಸಿದೆ. ಮೂರನೇ ಸಲಕ್ಕೆ ಲಾಡಿ ಸಿಕ್ಕಿತು. ಗಂಟನ್ನು ಒತ್ತಿ ಹಿಡಿದೆ.

"ಮೇಡಂ, ನೀವು ಹಿಂದೆ ಒತ್ತಿದ್ರೆ ಮುಂದೆ ಯಾಕೆ ನೋಯ್ತದೆ?"

ನೋವು ಇರುವ ಜಾಗ ಬೇರೆ, ನೋವು ಕೊಡುವ ಜಾಗ ಬೇರೆ. ಎಂಟು ತಿಂಗಳ ಮುಲಾಮು ಬೇರೆ ಮನೆಯ ಬಾಗಿಲು ತಟ್ಟಿತ್ತು.

ಗಂಟಿನ ಮೇಲೆ ಒಂದು ಬೆರಳು ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಸ್ಪಿರಿಟ್ ಒರೆಸಿದೆ. ಸೂಜಿ 0.30 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದ. ಇಂಜೆಕ್ಷನ್ ಸೂಜಿ ಟೊಳ್ಳು, ಇದು ಗಟ್ಟಿ. ಮಾಮೂಲಿ ಇಂಜೆಕ್ಷನ್ ಸೂಜಿಯ ಸುಮಾರು ಅರ್ಧ ದಪ್ಪ. ಪ್ಲಾಸ್ಟಿಕ್ ಕೊಳವೆಯೊಳಗೆ ಬರುತ್ತದೆ. ಕೊಳವೆಯನ್ನು ಚರ್ಮಕ್ಕೆ ಒತ್ತಿ, ಸೂಜಿಯ ತಲೆಯನ್ನು ತೋರುಬೆರಳಿಂದ ಒಮ್ಮೆ ತಟ್ಟಿದರೆ ಚರ್ಮ ದಾಟಿರುತ್ತದೆ. ಕೊಳವೆ ತೆಗೆದು ಮೆಲ್ಲಗೆ ಇಳಿಸಿದೆ. ಗಂಟು ತಾಗಿದಾಗ ತುದಿಯಲ್ಲಿ ಒಂದು ತಡೆ ಗೊತ್ತಾಗುತ್ತದೆ, ಬಲಿತ ಸೌತೆಕಾಯಿಯ ತಿರುಳಿಗೆ ಕಡ್ಡಿ ಚುಚ್ಚಿದ ಹಾಗೆ. ಸ್ವಲ್ಪ ಹಿಂದಕ್ಕೆ ಎಳೆದು, ಓರೆ ಮಾಡಿ, ಮತ್ತೆ ಇಳಿಸಿದೆ. ಕುಪ್ಪಳಿಸಿತು. ಮತ್ತೆ ಒಂದು. ಮೂರನೆಯದು ಸಣ್ಣದು. ಆಮೇಲೆ ಸುಮ್ಮನಾಯಿತು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ. ಸೂಜಿ ಒಳಗಿದ್ದದ್ದು ಒಂದು ನಿಮಿಷ ಇರಬಹುದು. ಗಂಟು ಹುಡುಕಿದ್ದು ಇಪ್ಪತ್ತು ನಿಮಿಷ.

ಎದ್ದು ಕೂತು ಕೈ ಎತ್ತಿದರು. ಮುಂಚೆ ಕಿವಿಯವರೆಗೆ ಬಂದು ನಿಲ್ಲುತ್ತಿದ್ದ ಕೈ ತಲೆ ಮೇಲೆ ಹೋಯಿತು. ಇಂಥ ಗಳಿಗೆಯಲ್ಲಿ ನಾನು ಜಾಸ್ತಿ ಖುಷಿ ಪಡುವುದಿಲ್ಲ, ಅವರಿಗೂ ಪಡಲು ಬಿಡುವುದಿಲ್ಲ. "ಇವತ್ತು ರಾತ್ರಿ ನೋಯುತ್ತೆ, ನಾಳೆನೂ ನೋಯಬಹುದು" ಅಂದೆ. ಒರಳಲ್ಲಿ ರುಬ್ಬಿದ ಮಾರನೇ ದಿನ ತೋಳು ಹೇಗಿರುತ್ತದೋ ಹಾಗೆ, ಒಂದೆರಡು ದಿನ. ಬಿಸಿನೀರಿನ ಶಾಖ ಕೊಡಿ, ಕೈ ಆಡಿಸುತ್ತಾ ಇರಿ, ಹೆದರಬೇಡಿ. ಮುಂಚೆ ಹೇಳದಿದ್ದರೆ ಮಾರನೇ ದಿನ ಬೆಳಗ್ಗೆ ಆರಕ್ಕೇ ಫೋನು ಬರುತ್ತದೆ, "ಏನ್ ಮಾಡ್ಬಿಟ್ರಿ" ಅಂತ.

ನಾನು ಮಾಡಿದ ತಪ್ಪುಗಳೂ ಇವೆ. ಶುರುವಿನ ದಿನಗಳಲ್ಲಿ ಒಬ್ಬ ಹುಡುಗ ಬಂದಿದ್ದ, ಸಾಫ್ಟ್‌ವೇರ್ ಕೆಲಸ. ಔಟರ್ ರಿಂಗ್ ರೋಡಿನ ಆಫೀಸಿಗೆ ದಿನಾ ಸಿಲ್ಕ್ ಬೋರ್ಡ್ ದಾಟಿ ಬೈಕಿನಲ್ಲಿ ಓಡಾಟ, ಮೇಲಿಂದ ಹತ್ತು ಗಂಟೆ ಲ್ಯಾಪ್‌ಟಾಪ್. ಕುತ್ತಿಗೆ ಕಲ್ಲಾಗಿತ್ತು. ಒಂಬತ್ತೂವರೆಗೆ ಮೀಟಿಂಗ್ ಇದೆ, ಬೇಗ ಮುಗಿಸಿ ಅಂದ. ನಾನೂ ಅವಸರಕ್ಕೆ ಬಿದ್ದು ಕುರ್ಚಿಯಲ್ಲಿ ಕೂರಿಸಿಕೊಂಡೇ ಹೆಗಲಿಗೆ ಸೂಜಿ ಹಾಕಿದೆ. ಎರಡನೇ ಟ್ವಿಚ್‌ಗೆ ಅವನ ಹಣೆಯಲ್ಲಿ ಬೆವರು. ತುಟಿ ಬಿಳಿಚಿತು. "ಮೇಡಂ, ಏನೋ ಒಂಥರಾ..." ಅಂದವನು ನನ್ನ ಮೇಲೇ ವಾಲಿದ. ಸೂಜಿ ಕಿತ್ತು, ನೆಲಕ್ಕೆ ಮಲಗಿಸಿ, ಕಾಲೆತ್ತಿ ಕುರ್ಚಿಯ ಮೇಲಿಟ್ಟೆ. ಒಂದೇ ನಿಮಿಷಕ್ಕೆ ಕಣ್ಣು ಬಿಟ್ಟ. ಕೇಳಿದರೆ ಹಿಂದಿನ ರಾತ್ರಿಯಿಂದ ಏನೂ ತಿಂದಿಲ್ಲ. ಕೇಳಬೇಕಿದ್ದವಳು ನಾನು, ಅದೂ ಚುಚ್ಚುವ ಮುಂಚೆ. ಕೆಳಗಿನ ಬೇಕರಿಯಿಂದ ಸಿಹಿ ಹಾಕಿದ ಟೀ, ಬೆಣ್ಣೆ ಬಿಸ್ಕತ್ತು ತರಿಸಿದೆ. ಅವನ ಮೀಟಿಂಗ್ ತಪ್ಪಿತು, ನನಗೆ ಬೈಯಲಿಲ್ಲ. ಅವತ್ತಿನಿಂದ ಕೂರಿಸಿ ಸೂಜಿ ಹಾಕುವುದು ಬಂದ್. ತಿಂಡಿ ಆಯ್ತಾ ಅಂತ ಕೇಳದೆ ಪ್ಯಾಕೆಟ್ ಹರಿಯುವುದಿಲ್ಲ.

ಇನ್ನೊಂದು ತಪ್ಪು ಸೂಜಿಯದಲ್ಲ, ನನ್ನ ಹಟದ್ದು. ಸಕ್ಕರೆ ಕಾಯಿಲೆ ಇದ್ದ ಒಬ್ಬ ಆಂಟಿಗೆ ಭುಜ ಹಿಡಿದಿತ್ತು. ಗಂಟುಗಳು ಕೈಗೆ ಸಿಕ್ಕವು. ನಾಲ್ಕು ಸಲ ಹಾಕಿದೆ. ಪ್ರತಿ ಸಲವೂ ಎರಡು ದಿನ ಹಗುರ, ಮೂರನೇ ದಿನ ಮತ್ತೆ ಅದೇ. ಐದನೇ ಸಲ ಸೂಜಿ ಪಕ್ಕಕ್ಕಿಟ್ಟು ಮೊದಲಿಂದ ನೋಡಿದೆ. ಅವರ ಕೈಯನ್ನು ನಾನೇ ಹಿಡಿದು ಹೊರಕ್ಕೆ ತಿರುಗಿಸಿದರೂ ತಿರುಗುತ್ತಿರಲಿಲ್ಲ. ತುಕ್ಕು ಹಿಡಿದ ಬಾಗಿಲಿನ ಹಾಗೆ ಅಲ್ಲೇ ನಿಂತಿತು. ಅದು ಫ್ರೋಜನ್ ಶೋಲ್ಡರ್, ಕೀಲಿನ ಸುತ್ತಲ ಚೀಲವೇ ಬಿಗಿದುಕೊಂಡಿರುವುದು. ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ ಬರುತ್ತದೆ. ಗಂಟುಗಳು ಬರೀ ನೆಂಟರು, ಯಜಮಾನ ಬೇರೆ. ಮೊದಲ ದಿನವೇ ನೋಡಬೇಕಿತ್ತು. ಹೊಸ ಸುತ್ತಿಗೆ ಕೈಗೆ ಬಂದಿತ್ತಲ್ಲ, ಕಂಡದ್ದೆಲ್ಲ ಮೊಳೆಯೇ. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದೆ.

ಯಾರಿಗೆ ಹಾಕುವುದಿಲ್ಲ? ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಅವರ ಡಾಕ್ಟರನ್ನು ಕೇಳದೆ ಮುಂದೆ ಹೋಗುವುದಿಲ್ಲ. ಬಸುರಿಯರಿಗೆ ನಾನು ಹಾಕುವುದೇ ಇಲ್ಲ. ಜ್ವರ ಇದ್ದರೆ, ಆ ಜಾಗದಲ್ಲಿ ಹುಣ್ಣು ಇದ್ದರೆ ಇಲ್ಲ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಕೈ ಊದಿಕೊಂಡಿದ್ದರೆ ಆ ಕೈಗೆ ಇಲ್ಲ. ಮತ್ತೆ, ಭಯ ಪಡುವವರಿಗೆ ಇಲ್ಲವೇ ಇಲ್ಲ. ಗಂಡ ಬಲವಂತವಾಗಿ ಕರೆತಂದ ಹೆಂಡತಿ, ಮಗ ಎಳೆದು ತಂದ ಅಪ್ಪ, ಇಂಥವರು ಬರುತ್ತಾರೆ. ಅವರ ಮುಷ್ಟಿ ನೋಡಿದರೇ ಗೊತ್ತಾಗುತ್ತದೆ.

"ಇದು ಅಕ್ಯುಪಂಕ್ಚರ್ ಅಲ್ವಾ?" ಅಂತ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಸೂಜಿ ಒಂದೇ ಥರದ್ದು, ಅದು ನಿಜ. ಚೀನಾದ ಆ ಪದ್ಧತಿ ದೇಹದಲ್ಲಿ ಶಕ್ತಿ ಹರಿಯುವ ದಾರಿಗಳನ್ನು ನಂಬಿ ಬಿಂದುಗಳನ್ನು ಆರಿಸುತ್ತದೆ. ನಾವು ಕೈಗೆ ಸಿಕ್ಕ ಗಂಟನ್ನು ಆರಿಸುತ್ತೇವೆ. ಅಷ್ಟಕ್ಕೇ ಇದು ಪಕ್ಕಾ ವಿಜ್ಞಾನ ಅಂತ ಎದೆ ತಟ್ಟಿಕೊಳ್ಳಲೂ ನನಗೆ ಮನಸ್ಸಿಲ್ಲ. ಟ್ವಿಚ್ ಆದ ಮೇಲೆ ನೋವು ಯಾಕೆ ಇಳಿಯುತ್ತದೆ ಅನ್ನುವುದರ ಮೇಲೆ ಸಂಶೋಧಕರ ಜಗಳ ನಡೆದೇ ಇದೆ. ಕೆಲವು ವಾರಗಳ ಮಟ್ಟಿಗೆ ನೋವು ತಗ್ಗುತ್ತದೆ ಅನ್ನುವುದಕ್ಕೆ ಅಧ್ಯಯನಗಳ ಬೆಂಬಲ ಇದೆ, ದೀರ್ಘ ಕಾಲದ ಲಾಭಕ್ಕೆ ಅಷ್ಟು ಇಲ್ಲ. ನನ್ನ ಮಂಚದ ಮೇಲೆ ನಾನು ಕಂಡದ್ದೂ ಅದೇ. ಹಾಗಾಗಿ ನೋವು ಇಳಿದ ಆ ಕೆಲವು ದಿನಗಳಲ್ಲಿ ಕೈಗೆ ಕೆಲಸ ಕೊಡುತ್ತೇನೆ. ಆಟೋದವರಿಗೆ ಒಂದು ರಬ್ಬರ್ ಪಟ್ಟಿ ಕೊಟ್ಟು, ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಹೊರಕ್ಕೆ ಎಳೆಯುವುದು, ಹದಿನೈದು ಸಲ, ದಿನಕ್ಕೆ ಎರಡು ಹೊತ್ತು ಅಂತ ಹೇಳಿದೆ. ಮನೆಯಲ್ಲಿ ಮರೆತುಹೋಗುತ್ತೆ ಅಂದರು. ಕೊನೆಗೆ ಅದನ್ನು ಆಟೋದ ಒಳಗಿನ ಕಂಬಿಗೆ ಕಟ್ಟಿಕೊಂಡರು. ಬಾಡಿಗೆಗೆ ಕಾಯುವಾಗ ಎಳೆಯುತ್ತಾರಂತೆ. "ಗಿರಾಕಿಗಳು ಇದೇನು ಅಂತ ಕೇಳ್ತಾರೆ ಮೇಡಂ, ಹೊಸ ಮಾಡೆಲ್ ಹಾರ್ನ್ ಅಂತೀನಿ."

ಒಟ್ಟು ಮೂರು ಸಲ ಸೂಜಿ ಹಾಕಿದೆ, ವಾರಕ್ಕೊಂದರ ಹಾಗೆ. ಬಳಸಿದ ಸೂಜಿ ಎರಡನೇ ಸಲಕ್ಕಿಲ್ಲ. ಅದೇ ರೋಗಿಗೂ ಇಲ್ಲ. ಬಿಳಿ ಗಟ್ಟಿ ಡಬ್ಬಕ್ಕೆ ಹೋಗುತ್ತದೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇರುವ ಬಣ್ಣಗಳು ಇವು. ನಿಮಗೆ ಯಾರಾದರೂ ಸೂಜಿ ಹಾಕುವ ಮುಂಚೆ ಪ್ಯಾಕೆಟ್ ನಿಮ್ಮ ಕಣ್ಣೆದುರು ಹರಿಯಲಿಲ್ಲ ಅಂದರೆ ಎದ್ದು ಬನ್ನಿ.

ಹೋದ ತಿಂಗಳು ಆಟೋದವರು ಮತ್ತೆ ಬಂದರು, ಜೊತೆಗೆ ಹೆಂಡತಿ. ಗಾಂಧಿ ಬಜಾರಿನಲ್ಲಿ ಹೂವು ಕಟ್ಟಿ ಮಾರುತ್ತಾರೆ. ಹೆಬ್ಬೆರಳ ಬುಡದಲ್ಲಿ ನೋವು, ದಾರ ಬಿಗಿಯಲು ಆಗುತ್ತಿಲ್ಲ. ಆಟೋದವರು ಒಳ್ಳೆ ತಿಳಿದವರ ಹಾಗೆ, "ಗಂಟು ಇರುತ್ತೆ ನೋಡಿ ಮೇಡಂ, ಪಟಕ್ ಅನ್ಸಿಬಿಡಿ" ಅಂದರು. ಆಕೆ ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದರು.

"ಅಮ್ಮಾ, ಕೈ ತೋರಿಸಿ. ಸೂಜಿ ಹಾಕಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಕೈ ಈಚೆ ಬಂತು. ಬೆರಳ ತುದಿಗಳಲ್ಲಿ ಬಾಳೆನಾರಿನ ಕಪ್ಪು, ಮಲ್ಲಿಗೆ ವಾಸನೆ. ಹೆಬ್ಬೆರಳಿನ ಬುಡದ ಸುತ್ತ ಮೆಲ್ಲಗೆ ಒತ್ತುತ್ತಾ ಹೋದೆ. ಆಟೋದವರು ಪಕ್ಕದಲ್ಲಿ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಗೆ ಹೇಳಿದರು, "ಸುಮ್ನಿರು, ಹುಡುಕ್ತಾವ್ರೆ. ದುಡ್ಡು ಕೊಡೋದು ಇದಕ್ಕೇನೆ."